ಬೆಂದ ಕೈ

ನನ್ನ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಮಡಚಿಕೊಂಡಿವೆ. ಏನಾಯ್ತು ಎಂದು ಕೇಳಿದ ಬೇರೆ ಊರಿನವರಿಗೆಲ್ಲ ಚರಕದ ಚಕ್ರಕ್ಕೆ ಸಿಕ್ಕಿತ್ತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಅದು ಸುಳ್ಳು. ನನಗೆ ಬಂದಿದ್ದು ಕುಷ್ಠ. ನಮ್ಮ ಕಡೆ ಆ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ರೋಗ ವಾಸಿಯಾಗಿ ಬಹಳ ಕಾಲವಾಯಿತು. ಬೆರಳು ವಾಸಿಯಾಗಲಿಲ್ಲ. ಆ ತಪ್ಪನ್ನು ರೋಗದ ತಲೆಗೆ ಕಟ್ಟಲಾರೆ, ಅದು ನನ್ನದು.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಬರೆಯುವುದು ನನ್ನ ಕಸುಬಲ್ಲ. ಆದರೆ ಆಸ್ಪತ್ರೆಗೆ ಹೋದಾಗಲೆಲ್ಲ ಟವೆಲ್ಲಿನಲ್ಲಿ ಕೈ ಸುತ್ತಿಕೊಂಡು, ಗೋಡೆ ಕಡೆ ಮುಖ ಮಾಡಿ ಕೂತವರು ಕಾಣುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಇದು ತಲುಪಲಿ.

ನಮ್ಮದು ನಂದಗುಡಿ ಹೋಬಳಿಯ ಒಂದು ಹಳ್ಳಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೂ ನನ್ನ ತಮ್ಮ ನಾರಾಯಣನೂ ನಾಲ್ಕು ಚರಕ ಇಟ್ಟುಕೊಂಡು ರೇಷ್ಮೆ ನೂಲು ಬಿಚ್ಚುತ್ತಿದ್ದೆವು. ಗೂಡನ್ನು ಕುದಿಯುವ ನೀರಿಗೆ ಹಾಕಬೇಕು, ಮೆತ್ತಗಾದ ಮೇಲೆ ನೀರಿಗೆ ಕೈಬಿಟ್ಟು ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಹೊಸದಾಗಿ ಕೆಲಸಕ್ಕೆ ಬಂದವರು ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡು ಬೆರಳು ಅದ್ದಿ ಅದ್ದಿ ತೆಗೆಯುತ್ತಾರೆ. ಹಳಬರು ಇಡುವುದಿಲ್ಲ. ಅವರದು ಬೆಂದ ಕೈ. ನಮ್ಮ ಶೆಡ್ಡಿನಲ್ಲಿ ಅದೊಂದು ಬಿರುದು. ಇಡೀ ಊರಿನಲ್ಲಿ ನನ್ನಷ್ಟು ಬೆಂದ ಕೈ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ ಒಂದು ಆಸ್ಪತ್ರೆಯವರು ಹಳ್ಳಿಹಳ್ಳಿಗೆ ಚರ್ಮ ನೋಡಲು ಜನರನ್ನು ಕಳಿಸಿದರು. ನಮ್ಮೂರಿಗೆ ಬಂದವರು ಡೆನ್ಮಾರ್ಕ್ ದೇಶದ ನರ್ಸಮ್ಮ, ಇಂಗ್ರಿಡ್ ಎಂದು ಹೆಸರು. ಸಂಬಳವಿಲ್ಲದೆ ಎರಡು ವರ್ಷ ಸೇವೆ ಮಾಡಲು ಒಪ್ಪಿ ಬಂದಿದ್ದರಂತೆ. ನಮ್ಮ ಮನೆಯ ಮುಂದಿನ ಕೋಣೆ ಬಾಡಿಗೆಗೆ ಕೊಟ್ಟೆವು. ಒಂದೇ ವಾರದಲ್ಲಿ ಊರು ಅವರನ್ನು ಇಂಗಮ್ಮ ಮಾಡಿತು.

ಮೊದಲ ತಿಂಗಳು ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ಬಂದು ಅವರ ಕಿಟಕಿಯಲ್ಲಿ ಇಣುಕುತ್ತಿದ್ದರು. "ಇವ್ಳಿಗೆ ಗಂಡ ಇಲ್ವಂತೆ ಕಣಮ್ಮಿ, ಅದಕ್ಕೇ ನಮ್ಮೂರ್ಗೆ ಕಳ್ಸವ್ರೆ" ಎಂದು ಅವರೆದುರಿಗೇ ಮಾತಾಡಿಕೊಳ್ಳುತ್ತಿದ್ದರು. ಇಂಗಮ್ಮನವರು ನಗುತ್ತಾ ಬಿಂದಿಗೆ ತೆಗೆದುಕೊಂಡು ಬೋರ್‌ವೆಲ್ಲಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಸೊಂಟದ ಮೇಲೆ ಬಿಂದಿಗೆ ಕೂರುತ್ತಿರಲಿಲ್ಲ, ತಲೆಯ ಮೇಲೂ ನಿಲ್ಲುತ್ತಿರಲಿಲ್ಲ, ಎರಡು ಕೈಯಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ತಬ್ಬಿಕೊಂಡು ಬರುತ್ತಿದ್ದರು. ಮನೆ ಸೇರುವಾಗ ನೀರು ಅರ್ಧ, ಬಟ್ಟೆ ಒದ್ದೆ. ಮೊದಲ ಸಲ ಮುದ್ದೆ ಬಡಿಸಿದಾಗ ಬ್ರೆಡ್ಡು ತಿಂದ ಹಾಗೆ ಅಗಿಯತೊಡಗಿದರು. ನಮ್ಮವ್ವ ಹಣೆ ಚಚ್ಚಿಕೊಂಡಳು. "ನುಂಗವ್ವ, ನುಂಗು! ಅಗ್ಯಕ್ಕೆ ಅದೇನ್ ಕಡ್ಲೆಪುರಿನಾ?" ಬಿಸಿಲಿಗೆ ಅವರ ಕತ್ತು ಕೆಂಪಗೆ ಸುಲಿದು ಹೋಗುತ್ತಿತ್ತು. ಭೇದಿ ಹಿಡಿದು ಮೂರು ದಿನ ಮಲಗಿದ್ದೂ ಉಂಟು. ಎದ್ದ ದಿನವೇ ಸೈಕಲ್ ಹತ್ತಿದರು. ಕೆಲಸಗಳ್ಳರನ್ನು ಕಂಡರೆ ನನಗಾಗುವುದಿಲ್ಲ, ಆಕೆ ಆ ಜಾತಿಯಲ್ಲ ಎಂದು ಆಗ ನನಗೆ ಗೌರವ ಬಂತು.

ಅವರ ಕನ್ನಡ ಪುಸ್ತಕದ್ದು. ಪಕ್ಕದ ಬೀದಿಯ ಮುದುಕಿ ಚಿಕ್ಕತಾಯಮ್ಮನ ಮುಂದೆ ಕೂತು, "ತಮ್ಮ ಚರ್ಮದಲ್ಲಿ ಸ್ಪರ್ಶಜ್ಞಾನವಿಲ್ಲದ ಮಚ್ಚೆಗಳಿವೆಯೇ?" ಎಂದು ಕೇಳಿದರು. ಚಿಕ್ಕತಾಯಮ್ಮ ನಿಟ್ಟುಸಿರು ಬಿಟ್ಟು, "ಜ್ಞಾನ ಇದ್ದಿದ್ರೆ ಈ ಮನೆಗ್ ಯಾಕವ್ವ ಸೊಸೆಯಾಗಿ ಬರ್ತಿದ್ದೆ?" ಎಂದಳು. ಜಗಲಿಯ ಮೇಲೆ ಕೂತಿದ್ದ ನಾನು ನಕ್ಕುಬಿಟ್ಟೆ. "ಸಿಸ್ಟ್ರೇ, ಅಷ್ಟೆಲ್ಲ ಬೇಡ. ಕಣ್ಮುಚ್ಚಿಸಿ, ಮುಟ್ಟಿ, 'ಗೊತ್ತಾಯ್ತಾ?' ಅನ್ನಿ. ಸಾಕು" ಎಂದೆ. ಅವತ್ತಿನಿಂದ ಮಧ್ಯಾಹ್ನ ಶೆಡ್ಡಿನ ಕೆಲಸ ಮುಗಿಸಿ ಅವರ ಜೊತೆ ಹೊರಡುವುದು ರೂಢಿಯಾಯಿತು. ನನಗೂ ಸಂಬಳವಿಲ್ಲ. ಆರನೇ ಕ್ಲಾಸಿನವನು ಫಾರಿನ್ ನರ್ಸಮ್ಮನಿಗೆ ಕನ್ನಡ ಹೇಳಿಕೊಡುತ್ತಾನೆ ಎಂದು ಜನ ಆಡಿಕೊಳ್ಳುವುದು ಕೇಳಿದರೆ ಸಂಬಳಕ್ಕಿಂತ ಹೆಚ್ಚಾಗಿತ್ತು.

ಅವರ ಪರೀಕ್ಷೆಗೆ ಬೇಕಾಗಿದ್ದು ಒಂದು ಕೋಳಿ ಪುಕ್ಕ. ಮಚ್ಚೆಯ ಮೇಲೆ ಪುಕ್ಕ ಆಡಿಸಿ ಕೇಳುವುದು. ನಮ್ಮ ಜನ ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು, ಗೊತ್ತಾಗದಿದ್ದರೂ "ಗೊತ್ತಾಯ್ತು ಗೊತ್ತಾಯ್ತು" ಎಂದುಬಿಡುತ್ತಿದ್ದರು. ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡರು. ಕೆಲವು ಸಲ ಮುಟ್ಟದೆಯೇ ಕೇಳುತ್ತಿದ್ದರು. ಮುಟ್ಟದಾಗಲೂ ಗೊತ್ತಾಯ್ತು ಎಂದವರನ್ನು ಗುರುತು ಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತು ನಿಂತು ನನಗೆ ಇನ್ನೊಂದು ಗೊತ್ತಾಗಿತ್ತು. ನಿಜವಾಗಿ ಮುಟ್ಟಲು ಮುಂದಕ್ಕೆ ಬಾಗಿದಾಗ ಅವರ ಕೈಗಡಿಯಾರದ ಚರ್ಮದ ಪಟ್ಟಿ ಸಣ್ಣಗೆ ಕಿರ್ ಎನ್ನುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಪಿಳ್ಳಪ್ಪನ ವಿಷಯ ಈಗ ಬರೆಯಬೇಕು. ನನಗಿಂತ ಎರಡು ವರ್ಷ ಚಿಕ್ಕವನು, ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುವ ಕೆಲಸ. ಬೆನ್ನಿನ ಮೇಲೆ ಮಚ್ಚೆ ಸಿಕ್ಕಿತ್ತು, ಪಾದದಲ್ಲಿ ಸ್ಪರ್ಶ ಹೋಗಿತ್ತು. ಒಂದು ತಿಂಗಳು ಮಾತ್ರೆ ನುಂಗಿ ಬಿಟ್ಟುಬಿಟ್ಟ. ಇಂಗಮ್ಮನವರು ಎರಡು ಸಲ ಹೋದರೂ ಸಿಗಲಿಲ್ಲ. ಮೂರನೇ ಸಲ ಇಬ್ಬರೂ ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ನಿಂತು "ಅವ್ರಿಲ್ಲ" ಎಂದಳು. ಅವನ ಚಪ್ಪಲಿ ಅಲ್ಲೇ ಬಿದ್ದಿತ್ತು. ನನಗೆ ರೇಗಿತು. ಬೀದಿಯಲ್ಲಿ ನಿಂತು ಕೂಗಿದೆ.

"ಲೇ ಪಿಳ್ಳ! ಒಳಗೆ ಕೂತ್ಕೊಂಡು ಇಲ್ಲ ಅನ್ನಿಸ್ತೀಯೇನ್ಲಾ? ದೊಡ್ಡ ರೋಗ ಬಂದಿರೋದು ನಿಂಗೆ ಕಣೋ, ನಂಗಲ್ಲ. ಮಾತ್ರೇನೂ ನಾವೇ ಬಂದು ಬಾಯಿಗಿಡ್ಬೇಕೇನೋ?"

ಆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಪಿಳ್ಳಪ್ಪ ಹೊರಗೆ ಬಂದ. ಯಾರ ಮುಖವನ್ನೂ ನೋಡದೆ ಕೈ ಚಾಚಿ ಮಾತ್ರೆ ತೆಗೆದುಕೊಂಡ.

ದಾರಿಯಲ್ಲಿ ನಾನು ಎದೆಯುಬ್ಬಿಸಿಕೊಂಡು, "ನೋಡಿದ್ರಾ ಸಿಸ್ಟ್ರೇ, ನಮ್ಮ ಜನಕ್ಕೆ ಹಿಂಗೇ ಹೇಳ್ಬೇಕು" ಎಂದೆ. ಅವರು ಮನೆ ತಲುಪಿದ ಮೇಲೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು. "ಅಣ್ಣ, ನೀವು ಅವನ ಹೆಸರನ್ನು ಬೀದಿಗೆ ಕೊಟ್ಟಿರಿ. ಮಾತ್ರೆಯನ್ನು ನಾನು ನಾಳೆಯೂ ಕೊಡಬಹುದಿತ್ತು. ಹೆಸರನ್ನು ಯಾರು ಹಿಂದಕ್ಕೆ ತರುತ್ತಾರೆ?"

"ನಿಮಗೆ ನಮ್ಮೂರು ಗೊತ್ತಿಲ್ಲ ಬಿಡಿ" ಎಂದೆ.

ಒಂದು ತಿಂಗಳೊಳಗೆ ಪಿಳ್ಳಪ್ಪನ ಭಾವಮೈದುನರು ಸಮೇತನಹಳ್ಳಿಯಿಂದ ಬಂದು ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಹೋದರು. ಕಾಯಿಲೆ ಮುಚ್ಚಿಟ್ಟವರಿಗೆ ಹಿಂಗೇ ಆಗೋದು ಎಂದು ಹೋಟೆಲಿನಲ್ಲಿ ಕೂತು ತೀರ್ಪು ಕೊಟ್ಟವನೂ ನಾನೇ.

ಅಷ್ಟು ಹೊತ್ತಿಗಾಗಲೇ ನನ್ನ ಕೈಗೆ ಬಿಸಿ ಗೊತ್ತಾಗುವುದು ನಿಂತಿತ್ತು.

ಬೆಂದ ಕೈಯವನಿಗೆ ಇದು ಗೊತ್ತಾಗುವುದು ಹೇಗೆ? ಕುದಿಯುವ ನೀರಿಗೆ ಮಣಿಕಟ್ಟಿನವರೆಗೆ ಕೈ ಇಳಿಸಿ ತಳದಲ್ಲಿದ್ದ ಗೂಡು ಎತ್ತಿಕೊಡುತ್ತಿದ್ದೆ. ಕೆಲಸದ ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. "ಅಣ್ಣಂದು ಕೈ ಅಲ್ಲ ಕಣ್ರೇ, ಕಬ್ಬಿಣದ ಸೌಟು" ಎಂದು ನಾರಾಯಣ ಹೊಗಳುತ್ತಿದ್ದ. ಕಿರುಬೆರಳಿನ ಪಕ್ಕ ಬೊಬ್ಬೆ ಎದ್ದರೂ ನೋಯುತ್ತಿರಲಿಲ್ಲ. ನೋವಿಲ್ಲದ ಬೊಬ್ಬೆಗೆ ಹೆದರಬೇಕು ಎಂದು ಮನೆಮನೆಗೆ ಹೋಗಿ ಹೇಳುತ್ತಿದ್ದವನು ನಾನು. ಆ ಮಾತು ನನ್ನ ಕೈಗೂ ಸೇರಿದ್ದು ಎಂದು ಒಂದು ದಿನವೂ ಅನ್ನಿಸಲಿಲ್ಲ.

ಇಂಗಮ್ಮನವರು ಒಂದು ಸಂಜೆ ಶೆಡ್ಡಿಗೆ ಬಂದು ನಾನು ನೀರಿಗೆ ಕೈ ಇಳಿಸುವುದನ್ನು ನೋಡಿದರು. ಅವರು ನಗಲಿಲ್ಲ. "ಬಿಸಿ ಗೊತ್ತಾಗುವುದಿಲ್ಲವೇ?"

"ಬೆಂದ ಕೈ ಸಿಸ್ಟ್ರೇ. ನಿಮ್ಮ ಕೈ ಅಲ್ಲ ಇದು."

"ಕಣ್ಣು ಮುಚ್ಚಿ ಅಣ್ಣ."

ಹೆಂಗಸರೆಲ್ಲ ಚರಕ ನಿಲ್ಲಿಸಿ ನೋಡುತ್ತಿದ್ದರು. ಬೇಡ ಎಂದರೆ ಹೆದರಿದ ಎಂದುಕೊಳ್ಳುತ್ತಾರೆ. ಕಣ್ಣು ಮುಚ್ಚಿದೆ. "ಗೊತ್ತಾಯ್ತಾ?" ಎಂದರು. ಏನೂ ಗೊತ್ತಾಗಲಿಲ್ಲ. ಗಡಿಯಾರದ ಪಟ್ಟಿ ಕಿರ್ ಎಂದಿತ್ತು. "ಗೊತ್ತಾಯ್ತು" ಎಂದೆ. ಮತ್ತೆ ಕೇಳಿದರು. ಪಟ್ಟಿಯ ಸದ್ದಿಲ್ಲ. "ಇಲ್ಲ" ಎಂದೆ. ಹೀಗೆ ಏಳೆಂಟು ಸಲ. ಒಂದೂ ತಪ್ಪಲಿಲ್ಲ. ಕಣ್ಣು ಬಿಟ್ಟಾಗ ಅವರ ಹುಬ್ಬು ಗಂಟಿಕ್ಕಿತ್ತು. ನಾನು ಪಾಸಾಗಿದ್ದೆ, ಅವರಿಗೆ ನಂಬಿಕೆ ಬಂದಿರಲಿಲ್ಲ. ಮೊಣಕೈಯ ನರ ಒತ್ತಿ ನೋಡುತ್ತೇನೆ ಎಂದು ಕೈ ಹಿಡಿದರು. ಕೊಡವಿಕೊಂಡೆ. "ನಾನ್ ಹೇಳ್ಕೊಟ್ಟ ಪಾಠಾನ ನನ್ ಮೇಲೇ ಪ್ರಯೋಗ ಮಾಡ್ತೀರಾ? ಹೋಗಿ ಸಿಸ್ಟ್ರೇ, ಗೂಡು ಬೆಂದು ಹಾಳಾಗ್ತಿದೆ." ಹೆಂಗಸರು ನಕ್ಕರು.

ಆ ಗಳಿಗೆಯಿಂದ ನನ್ನ ಕಾಯಿಲೆ ನನಗೆ ತಿಳಿದಿತ್ತು. ತಿಳಿದವನೇ ಬಚ್ಚಿಟ್ಟೆ.

ಕೆಲವೇ ವಾರಗಳಲ್ಲಿ ಅವರ ಎರಡು ವರ್ಷ ಮುಗಿಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಅಣ್ಣ, ಕೈ ತೋರಿಸಿ, ಮರೆಯಬೇಡಿ" ಎಂದರು. ಆಸ್ಪತ್ರೆಯಲ್ಲಿ ತೋರಿಸಿ ಎಂದು ಅವರ ಅರ್ಥ. ಬಿಳಿಯಮ್ಮನಿಗೆ ಕೈರೇಖೆ ಶಾಸ್ತ್ರವೂ ಬರುತ್ತೆ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನಾನೂ ನಕ್ಕು ಎಡಗೈ ಎತ್ತಿ ಬೀಸಿದೆ. ಆಮೇಲೆ ಅವರಿಂದ ಒಂದು ನೀಲಿ ಕಾಗದ ಬಂತು, ದುಂಡಗಿನ ಅಕ್ಷರದಲ್ಲಿ. ಅವ್ವ ಹೇಗಿದ್ದಾಳೆ, ಮಳೆ ಬಂತೇ ಎಂದೆಲ್ಲ ಬರೆದು ಕೊನೆಗೆ 'ಕೈ?' ಎಂದಷ್ಟೇ ಇತ್ತು. ನಾನು ಉತ್ತರ ಬರೆಯಲಿಲ್ಲ.

ಅಂಗಿಯ ಗುಂಡಿ ಹಾಕುವುದು ಮೊದಲು ಕಷ್ಟವಾಯಿತು. ಮುದ್ದೆ ಮುರಿದರೆ ಬೆರಳ ಸಂದಿಯಿಂದ ಜಾರತೊಡಗಿತು. ಕಿರುಬೆರಳು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬಾಗಿತು, ಪಕ್ಕದ್ದು ಅದರ ಹಿಂದೆಯೇ ಹೋಯಿತು. ಎಳೆ ಕೈಗೆ ಸಿಗದೆ ತುಂಡಾಗುತ್ತಿತ್ತು. ಗೂಡು ಸರಿಯಿಲ್ಲ, ನೀರು ಸರಿಯಿಲ್ಲ ಎಂದು ಹೆಂಗಸರ ಮೇಲೆ ಹಾರಾಡುತ್ತಿದ್ದೆ. ಕೊನೆಗೊಂದು ದಿನ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತೇನೆಂದು ಹೇಳಿ ಬೆಂಗಳೂರಿನ ಬಸ್ಸು ಹತ್ತಿದೆ. ಹತ್ತಿರದ ಆಸ್ಪತ್ರೆಯಲ್ಲಿ ಎಲ್ಲರಿಗೂ ನನ್ನ ಗುರುತಿತ್ತು. ನನ್ನನ್ನು ಯಾರೂ ಅರಿಯದ ಜಾಗ ನನಗೆ ಬೇಕಾಗಿತ್ತು.

ಅಲ್ಲಿ ಉದ್ದದ ಹಜಾರ, ಸಿಮೆಂಟಿನ ಬೆಂಚು, ಫಿನಾಯಿಲ್ ವಾಸನೆ. ಚೀಟಿ ಬರೆಸಿ ಕೂತೆ. ಎದುರಿಗಿದ್ದ ಹೆಂಗಸು ಸೆರಗಿನೊಳಗೆ ಕೈ ಇಟ್ಟುಕೊಂಡಿದ್ದಳು, ನಾನು ಜೇಬಿನೊಳಗೆ. ಒಬ್ಬರನ್ನೊಬ್ಬರು ನೋಡಿಕೊಂಡು ಮುಖ ತಿರುಗಿಸಿದೆವು. ಅಷ್ಟರಲ್ಲಿ ಯಾರೋ ಪಕ್ಕದಲ್ಲಿ ಬಂದು ಕೂತರು.

"ಏನಣ್ಣ, ನೀನಿಲ್ಲಿ?"

ಪಿಳ್ಳಪ್ಪ. ಪಾದದಲ್ಲಿ ಹುಣ್ಣಾಗಿತ್ತು, ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿಕೊಳ್ಳಲು ನಮ್ಮ ಕಡೆಯ ಆಸ್ಪತ್ರೆಯವರು ಅವನನ್ನು ಇಲ್ಲಿಗೆ ಕಳಿಸಿದ್ದರು.

"ಯಾರನ್ನ ಕರ್ಕೊಂಡ್ ಬಂದೆ?" ಎಂದು ಕೇಳಿದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ರೋಗಿಗಳನ್ನು ಕರೆತರುವವನು ನಾನು ಎಂದೇ ಅವನು ತಿಳಿದಿದ್ದ.

"ಬೂದಿಗೆರೆ ನೆಂಟ್ರೊಬ್ರು. ಒಳಗವ್ರೆ" ಎಂದೆ.

"ಪಾಪ. ವಯಸ್ಸಾಗೈತಾ?"

"ಹೂಂ. ವಯಸ್ಸಾಗಿದೆ."

"ಹೆಂಡ್ತಿ ಮಕ್ಳಿಗೆ ಹೇಳವ್ರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನರ್ಸು ನಿಂತು ನನ್ನ ಹೆಸರು ಕೂಗಿದಳು, ತಂದೆಯ ಹೆಸರು, ಊರಿನ ಹೆಸರು ಸಮೇತ. ನಾನು ಏಳಲಿಲ್ಲ. ಮತ್ತೊಮ್ಮೆ ಕೂಗಿದಳು. ಪಿಳ್ಳಪ್ಪ ನನ್ನ ಮುಖ ನೋಡಿದ, ಜೇಬಿನಲ್ಲಿದ್ದ ಕೈ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಕರೀತವ್ರೆ. ಹೋಗಣ್ಣ" ಎಂದ.

ಡಾಕ್ಟರು ಮೊಣಕೈ ಹಿಂದೆ ಒತ್ತಿದಾಗ ಕರೆಂಟು ಹೊಡೆದ ಹಾಗಾಯಿತು. ನರ ಹಗ್ಗದಂತೆ ದಪ್ಪಗಾಗಿದೆ ಎಂದರು. "ಬಿಸಿ ಗೊತ್ತಾಗದೆ ಎಷ್ಟು ದಿನ ಆಯ್ತು?"

"ಒಂದೂವರೆ ವರ್ಷ."

"ಮತ್ತೆ ಇಷ್ಟು ದಿನ ಏನ್ರೀ ಮಾಡ್ತಿದ್ರಿ?"

ಬೇರೆಯವರ ಚರ್ಮ ನೋಡುತ್ತಿದ್ದೆ ಎಂದು ಹೇಳಲಿಲ್ಲ. ಎರಡು ವರ್ಷ ಮಾತ್ರೆ ತೆಗೆದುಕೊಂಡರೆ ರೋಗ ಪೂರ್ತಿ ಹೋಗುತ್ತದೆ, ಬೆರಳು ಮಾತ್ರ ಇನ್ನು ನೆಟ್ಟಗಾಗುವುದು ಅನುಮಾನ, ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದರು. ಹೊರಗೆ ಬಂದಾಗ ಬೆಂಚು ಖಾಲಿಯಿತ್ತು. ಪಿಳ್ಳಪ್ಪ ಒಳಗಡೆ ಅಳತೆ ಕೊಡುತ್ತಿದ್ದನೋ ಏನೋ. ನಾನು ಕಾಯದೆ ಬಂದುಬಿಟ್ಟೆ.

ಹೆಂಡತಿ ಸರೋಜಳಿಗೆ ಹೇಳುವುದಕ್ಕೆ ಮೂರು ದಿನ ಬೇಕಾಯಿತು. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಡಲಿಲ್ಲ. "ನಂಗೆ ಹೋದ್ ಯುಗಾದಿಗೇ ಗೊತ್ತಿತ್ತು. ಒಲೆ ಮೇಲಿನ್ ಹಂಡೆ ಬರಿಗೈಲಿ ಇಳಿಸಿದ್ರಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

"ನೀವ್ ಹೇಳಿಸ್ಕೊಳ್ಳೋರಾ?"

ಅಷ್ಟೇ ಅವಳು ಕೇಳಿದ್ದು. ಅವತ್ತು ರಾತ್ರಿಯೂ ನನ್ನ ಲೋಟದಲ್ಲೇ ನೀರು ಕುಡಿದಳು. ಈ ಇಡೀ ಕಥೆಯಲ್ಲಿ ನನಗೆ ಸಿಕ್ಕ ಕರುಣೆ ಎಂದರೆ ಆ ಒಂದು ಲೋಟ ಮತ್ತು ಇನ್ನೊಬ್ಬನ ಮೌನ.

ಮಾತ್ರೆ ನುಂಗಿದ ಮೊದಲ ದಿನ ಮೂತ್ರ ಕೆಂಪಗೆ ಹೋಯಿತು. ಹಾಗೆ ಆಗುತ್ತೆ, ಹೆದರಬೇಡಿ ಎಂದು ಎಷ್ಟು ಮನೆಗಳಲ್ಲಿ ಹೇಳಿದ್ದೆನೋ. ಆದರೂ ಕಂಡಾಗ ಗೋಡೆ ಹಿಡಿದುಕೊಂಡೆ. ಅದೇ ಮಾತ್ರೆಯಿಂದ ಕೆಲವು ತಿಂಗಳಲ್ಲಿ ಮೈಬಣ್ಣವೂ ಕಪ್ಪಾಯಿತು. ಊರಿನ ಹೆಂಗಸರ ನೋಟ ಬದಲಾಯಿತು. ಒಂದು ಬೆಳಿಗ್ಗೆ ನಾರಾಯಣ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ.

"ಅಣ್ಣ, ನಂದೇನಿಲ್ಲ. ಹೆಣ್ಣಾಳುಗಳು ಒಂದೇ ನೀರಿಗೆ ಕೈ ಹಾಕಲ್ಲ ಅಂತವ್ರೆ."

"ಕುದಿಯೋ ನೀರಲ್ಲಿ ಯಾವ ಕ್ರಿಮಿ ಬದುಕುತ್ತೋ?"

"ನಂಗ್ ಗೊತ್ತು ಕಣಣ್ಣ. ಅವ್ರಿಗ್ ಗೊತ್ತಾಗ್ಬೇಕಲ್ಲ. ನೀನು ಮಾರ್ಕೆಟ್ ನೋಡ್ಕೊ, ಚರಕದ ಕಡೆ ಬರ್ಬೇಡ."

ನಾನು ಕೈಯಾರೆ ಕಟ್ಟಿದ ಶೆಡ್ಡು. ಅವನ ಮಾತಿಗಿಂತ, ಅವನು ಬಾಗಿಲಿಗೆ ಅಡ್ಡ ನಿಂತ ರೀತಿ ಸುಟ್ಟಿತು. ಪಿಳ್ಳಪ್ಪ ಬಾಯಿಬಿಟ್ಟಿದ್ದಾನೆ, ಸೇಡು ತೀರಿಸಿಕೊಂಡಿದ್ದಾನೆ ಎಂದುಕೊಂಡು ನೇರವಾಗಿ ಅವನ ಮನೆಗೆ ನುಗ್ಗಿದೆ. ಅವನು ಒಬ್ಬನೇ ಒಲೆ ಮುಂದೆ ಕೂತು ಸಾರು ಕುದಿಸುತ್ತಿದ್ದ.

"ಊರಿಗೆಲ್ಲ ಸಾರಿದ್ಯೇನೋ?"

ಅವನು ಸೌಟು ಆಡಿಸುತ್ತಲೇ ಇದ್ದ. "ಯಾರಿಗೂ ಹೇಳಿಲ್ಲಣ್ಣ. ನಿಮ್ಮವ್ವನೇ ದೇವಸ್ಥಾನದ ಹತ್ರ ಕೂತ್ಕೊಂಡು ಅಳ್ತಾ ಹೇಳ್ತು. ಹೋಗಿ ಕೇಳು."

ಮನೆಗೆ ಬಂದು ಕೇಳಿದೆ. ನಿಜ. ನನ್ನ ಮಾತ್ರೆ ನೋಡಿಯೇ ವಿಷಯ ತಿಳಿದುಕೊಂಡಿದ್ದ ಅವ್ವ, ಹರಕೆ ಕಟ್ಟಿಕೊಳ್ಳುವಾಗ ಪೂಜಾರಿಯ ಹೆಂಡತಿಗೆ ಹೇಳಿದ್ದಳು. ಹೇಳಿದ ಮೇಲೆ ನನ್ನ ತಟ್ಟೆ ಲೋಟವನ್ನೂ ಬೇರೆ ಇಟ್ಟಿದ್ದಳು. ಆಗಿನಿಂದ ಹಿಡಿದು ಕಣ್ಣು ಮುಚ್ಚುವವರೆಗೂ ಅವ್ವ ಅದನ್ನು ಬಿಡಲಿಲ್ಲ. ವಾಸಿಯಾಗಿದೆ ಎಂದು ಚೀಟಿ ತೋರಿಸಿದೆ. "ಆಗ್ಲಿ ಕಂದ, ಒಳ್ಳೇದಾಯ್ತು" ಎಂದು ಕಣ್ಣೊರೆಸಿಕೊಂಡು ಅದೇ ಬೇರೆ ತಟ್ಟೆಗೆ ಬಡಿಸಿದಳು.

ಮಾತ್ರೆ ಮುಗಿದು, ಇನ್ನು ಔಷಧಿ ಬೇಡ ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಒಂದು ಮಧ್ಯಾಹ್ನ ಪಿಳ್ಳಪ್ಪನ ಮನೆಗೆ ಹೋದೆ. ಅವನ ಹೆಂಡತಿ ಸಮೇತನಹಳ್ಳಿಯಿಂದ ವಾಪಸು ಬಂದಿರಲಿಲ್ಲ. ಮಗಳು ಅಲ್ಲೇ ಶಾಲೆಗೆ ಸೇರಿದ್ದಳಂತೆ. ಅವನು ಜಗಲಿಯ ಮೇಲೆ ಪಾದವನ್ನು ಬೋಗುಣಿಯ ನೀರಿನಲ್ಲಿ ನೆನೆಹಾಕಿಕೊಂಡು ಕೂತಿದ್ದ. ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ, ಗಾಯವಿದೆಯೇ ಎಂದು ದಿನವೂ ನೋಡಿಕೊಳ್ಳಬೇಕು ಎಂದು ಇಂಗಮ್ಮನವರ ಜೊತೆ ನಿಂತು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದಿದ್ದು ಒಂದೇ.

"ಪಿಳ್ಳಪ್ಪ, ಅವತ್ತು ಬೀದೀಲಿ ಕೂಗಿದ್ದು ತಪ್ಪಾಯ್ತು ಕಣಪ್ಪ."

ಅವನು ಪಾದ ಹೊರಗೆತ್ತಿ ಬಟ್ಟೆಯಲ್ಲಿ ಒರೆಸಿಕೊಂಡ. ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸಿಕೊಂಡ. ಆಮೇಲೆ ತಲೆ ಎತ್ತಿ ಕೇಳಿದ.

"ನಿಂಗೂ ಇದು ಬರ್ದೇ ಇದ್ದಿದ್ರೆ, ಈ ಮಾತು ಹೇಳಕ್ಕೆ ಬರ್ತಿದ್ಯಾ ಅಣ್ಣ?"

ಕೋಪದಲ್ಲಿ ಕೇಳಿದ್ದರೆ ಜಗಳವಾಡಿ ಬರಬಹುದಿತ್ತು. ತಿಳಿದುಕೊಳ್ಳಬೇಕು ಎನ್ನುವವನ ಹಾಗೆ ಕೇಳಿದ್ದ, ಕಾಯುತ್ತಲೂ ಇದ್ದ. ಸುಳ್ಳು ಹೇಳಲು ನನಗೆ ಚೆನ್ನಾಗಿ ಬರುತ್ತಿತ್ತು. ಅವತ್ತು ಬರಲಿಲ್ಲ.

"ಇಲ್ಲ" ಎಂದೆ.

ಅವನು ತಲೆಯಾಡಿಸಿದ. ಬೋಗುಣಿಯ ನೀರನ್ನು ಬೇಲಿಯ ಬುಡಕ್ಕೆ ಚೆಲ್ಲಿ ಬಂದು ಎಣ್ಣೆಯ ಬಾಟಲಿ ತೆಗೆದುಕೊಂಡ. ಕೂತ್ಕೊ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನು ಎರಡೂ ಪಾದಕ್ಕೆ ಎಣ್ಣೆ ಸವರಿ ಮುಗಿಸುವವರೆಗೂ ನಾನು ಬಿಸಿಲಿನಲ್ಲಿ ನಿಂತಿದ್ದೆ.